ರಾತ್ರಿ ಶಾಲೆಯಲ್ಲಿ ಕಲಿತು...

ಮುಂಬಯಿ ಕನ್ನಡಿಗರ ಸ್ಮರಣ ಸಂಚಿಕೆಗಳನ್ನು ಓದುವ ಚಟ ನನಗೆ ಬಹಳ ವರ್ಷಗಳಿಂದ ಇದೆ. ಸಂಘದ ಬೆಳ್ಳಿಹಬ್ಬದ್ದಿರಲಿ, ಬ್ಯಾಂಕಿನ ವಜ್ರಮಹೋತ್ಸವದ್ದಿರಲಿ, ಯಾರದೋ ಷಷ್ಟ್ಯಬ್ದಿಯ ಅಭಿನಂದನ ಗ್ರಂಥವಿರಲಿ, ಸಿಕ್ಕಿದರೆ ಬಿಡುವುದಿಲ್ಲ. ಕೇಟರರ್ಸ್, ಟ್ರಾನ್ಸ್‌ಪೋರ್ಟಿನವರ ಜಾಹೀರಾತುಗಳ ನಡುವೆ ಒಂದೆರಡು ಬದುಕಿನ ಕಥೆ ಇದ್ದೇ ಇರುತ್ತದೆ. ಹೆಸರು, ಊರು ಬದಲಾದರೂ ಆ ಕಥೆಗಳ ಸಾರ ಹೆಚ್ಚುಕಡಿಮೆ ಒಂದೇ: ಎಳವೆಯಲ್ಲೇ ಬರಿಗೈಯಲ್ಲಿ ಮುಂಬಯಿಗೆ ಬಂದು, ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಮುಂದೆ ಸ್ವಂತ ಉದ್ಯಮ ಕಟ್ಟಿ, ಸಮಾಜದ ಗಣ್ಯರಾದರು.

ಈ ಕಥೆ ಸುಳ್ಳು ಎನ್ನುವ ಧೈರ್ಯ ನನಗಿಲ್ಲ. ಹಾಗೆ ಮೇಲೆ ಬಂದವರನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ನನ್ನ ತಕರಾರು ನಡುವಿನ ಆ ಮೂರು ಪದಗಳ ಬಗ್ಗೆ. 'ರಾತ್ರಿ ಶಾಲೆಯಲ್ಲಿ ಕಲಿತು' ಎನ್ನುವಷ್ಟರಲ್ಲಿ ನಾಲ್ಕೈದು ವರ್ಷ ಮುಗಿದುಹೋಗುತ್ತದೆ. ಏನು ಕಲಿತರು? ಯಾವ ಪಾಠ ಮನಸ್ಸಿಗೆ ಹಿಡಿಯಿತು? ಯಾವ ಪುಸ್ತಕ ನಿದ್ದೆಗೆಡಿಸಿತು? ಬರೆದವರು ಕೇಳಿಲ್ಲ, ಬರೆಸಿಕೊಂಡವರು ಹೇಳಿಲ್ಲ. ಹೋಟೆಲಿನ ಮೊದಲ ಗಲ್ಲಾ ಎಲ್ಲಿತ್ತು, ಎರಡನೆಯ ಶಾಖೆ ಯಾವ ವರ್ಷ ತೆರೆಯಿತು ಎಂಬುದಕ್ಕೆ ಎರಡು ಪುಟ ಸಿಗುತ್ತದೆ. ಓದಿಗೆ ಮೂರೇ ಪದ. ಈ ಮರೆವಿಗೆ ನಾವು ತೆರುತ್ತಿರುವ ಬೆಲೆ ಸಣ್ಣದಲ್ಲ ಎಂಬುದು ನನ್ನ ವಾದ.

ಒಳನಾಡಿನ ಓದುಗರಿಗೆ ರಾತ್ರಿ ಶಾಲೆ ಎಂದರೆ ಏನೆಂದು ಸ್ವಲ್ಪ ವಿವರಿಸಬೇಕು. ವಯಸ್ಕರಿಗೆ ಅಕ್ಷರ ತಿದ್ದಿಸುವ ಕೇಂದ್ರ ಎಂದು ಊರಿನಲ್ಲಿ ಹಲವರು ತಿಳಿದಿದ್ದಾರೆ. ಹಾಗಲ್ಲ. ಇದು ಸರಕಾರದ ಮಾನ್ಯತೆ ಪಡೆದ ಪೂರ್ತಿ ಶಾಲೆ. ಹಗಲಿನ ಮಕ್ಕಳು ಓದುವ ಅದೇ ಪಠ್ಯ, ಅದೇ ಎಸ್ಸೆಸ್ಸಿ ಪರೀಕ್ಷೆ. ಸಮಯ ಮಾತ್ರ ಸಂಜೆ ಆರೂವರೆಯಿಂದ ಒಂಬತ್ತೂವರೆ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ ಇಂಥ ಉಚಿತ ರಾತ್ರಿ ಶಾಲೆ ನಡೆಸಿತು. 1932ರಲ್ಲಿ ಹುಟ್ಟಿದ ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಪ್ರೌಢಶಾಲೆಯನ್ನು ನಡೆಸಿತು. ಇನ್ನೂ ಕೆಲವು ಸಂಸ್ಥೆಗಳು ಇದೇ ಕೆಲಸ ಮಾಡಿದವು. ಇವುಗಳಲ್ಲಿ ಹಲವು ಫೋರ್ಟಿನ ಸುತ್ತಮುತ್ತ ಇದ್ದುದಕ್ಕೆ ಕಾರಣ ಉಂಟು. ಅಲ್ಲಿಯ ಬ್ಯಾಂಕು, ವಿಮಾ ಕಂಪೆನಿ, ಹಡಗು ಕಂಪೆನಿಗಳ ಕ್ಯಾಂಟೀನು ನಡೆಸುವವರಲ್ಲಿ ದಕ್ಷಿಣ ಕನ್ನಡದವರು ಬಹಳ ಮಂದಿ. ಆಫೀಸು ಮುಚ್ಚಿದರೆ ಕ್ಯಾಂಟೀನಿನ ಹುಡುಗರಿಗೂ ಬಿಡುವು. ಹಗಲು ಶಾಲೆಯ ಕಟ್ಟಡವೂ ಆ ಹೊತ್ತಿಗೆ ಖಾಲಿ. ಹುಡುಗರೂ ಇದ್ದಾರೆ, ಬೆಂಚೂ ಇದೆ. ಮಾಸ್ತರರು ಮಾತ್ರ ಬೇಕಿತ್ತು. ಅವರೂ ಅದೇ ಫೋರ್ಟಿನ ಆಫೀಸುಗಳಿಂದ ಕೆಲಸ ಮುಗಿಸಿ ಬರುತ್ತಿದ್ದರು.

ದುಡಿಯುವವರಿಗೆ ರಾತ್ರಿ ಪಾಠ ಎಂಬುದು ಈ ಸೀಮೆಯಲ್ಲಿ ಹಳೆಯ ವಿಚಾರವೇ. ಪುಣೆಯಲ್ಲಿ ಜ್ಯೋತಿರಾವ್ ಮತ್ತು ಸಾವಿತ್ರಿಬಾಯಿ ಫುಲೆ ದಂಪತಿ 1855ರಷ್ಟು ಹಿಂದೆಯೇ ರೈತರಿಗೆ, ಕೂಲಿಗಳಿಗೆ ರಾತ್ರಿ ಶಾಲೆ ತೆರೆದಿದ್ದರು. ನಮ್ಮವರು ಆ ಸಾಲಿನಲ್ಲಿ ಸೇರಿಕೊಂಡರು, ಅದೂ ಪರವೂರಿನಲ್ಲಿ, ತಮ್ಮ ಭಾಷೆಯಲ್ಲಿ.

ತಮ್ಮ ಭಾಷೆ ಎಂದೆ. ಅದೂ ಪೂರ್ತಿ ಸರಿಯಲ್ಲ. ನಾನು ಕಾಪು ಕಡೆಯ ಹಳ್ಳಿಯಿಂದ 1978ರಲ್ಲಿ ಬಂದಾಗ ನನಗೆ ಹದಿನಾಲ್ಕು. ಮನೆ ಮಾತು ತುಳು. ಕ್ಯಾಂಟೀನಿನಲ್ಲೂ ತುಳುವೇ. ಗಿರಾಕಿಗಳ ಹತ್ತಿರ ಬಂಬೈಯಾ ಹಿಂದಿ, ಬಸ್ಸಿನಲ್ಲಿ ಮರಾಠಿ. ಕನ್ನಡ ಎಂಬುದು ಸಂಜೆ ಆರೂವರೆಯ ನಂತರದ ಭಾಷೆ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ 1967ರಲ್ಲಿ ಶುರುವಾಗಿ ಮರಾಠಿಯ ಜೊತೆ ಕನ್ನಡದಲ್ಲೂ ಪುಸ್ತಕ ಅಚ್ಚು ಹಾಕುತ್ತಿತ್ತು. ಹಾಗಾಗಿ ನಾವು ಶಿವಾಜಿಯನ್ನೂ ಫುಲೆಯವರನ್ನೂ ಟಿಳಕರನ್ನೂ ಕನ್ನಡದಲ್ಲೇ ಓದಿದೆವು. ಇದರ ವಿಶೇಷ ಒಳನಾಡಿನವರಿಗೆ ಒಮ್ಮೆಗೇ ಹೊಳೆಯಲಿಕ್ಕಿಲ್ಲ. 1966ರಲ್ಲಿ ಶಿವಸೇನೆ ಹುಟ್ಟಿ, ದಕ್ಷಿಣದವರು ಬೇಡ ಎಂಬ ಕೂಗೆದ್ದು, ಉಡುಪಿ ಹೋಟೆಲುಗಳ ಗಾಜು ಒಡೆದ ದಿನಗಳನ್ನು ನಮ್ಮ ಹಿರಿಯ ಕೆಲಸಗಾರರು ಮರೆತಿರಲಿಲ್ಲ. ಶಟರ್ ಎಳೆದು ಒಳಗೆ ಕೂತಿದ್ದ ಕಥೆಗಳನ್ನು ರಾತ್ರಿ ಮಲಗುವಾಗ ಹೇಳುತ್ತಿದ್ದರು. ಅದೇ ಹೋಟೆಲುಗಳ ಹುಡುಗರು ಶಿವಾಜಿಯ ಕೋಟೆಗಳ ಹೆಸರನ್ನು ಕನ್ನಡದಲ್ಲಿ ಬಾಯಿಪಾಠ ಮಾಡುತ್ತಿದ್ದೆವು. ಹೊರಗೆ ಹೆದರಿಸುವ ಘೋಷಣೆಯಾಗಿ ಕೇಳಿದ ಹೆಸರು ಶಾಲೆಯೊಳಗೆ ಚರಿತ್ರೆಯಾಗಿ ಸಿಗುತ್ತಿತ್ತು. ಇದರಿಂದ ನಮಗೆ ಒಂದು ಪೈಸೆಯ ಲಾಭವೂ ಇರಲಿಲ್ಲ. ಆದರೆ ಈ ಊರು ನಮಗೆ ಸ್ವಲ್ಪವಾದರೂ ಅರ್ಥವಾಗತೊಡಗಿದ್ದು ಅಲ್ಲಿಂದಲೇ.

ಶಾಲೆಯನ್ನು ಹೊಗಳುವ ಭರದಲ್ಲಿ ಅದರ ಮಿತಿ ಮರೆಯಬಾರದು. ನಿದ್ದೆ ದೊಡ್ಡ ಶತ್ರು. ಬೆಳಗ್ಗೆ ಐದಕ್ಕೆ ಎದ್ದವನಿಗೆ ಎಂಟು ಗಂಟೆಯ ಬೀಜಗಣಿತ ಜೋಗುಳವಿದ್ದ ಹಾಗೆ. ಹೆಚ್ಚಿನವರ ಓದು ಗೈಡಿನ ಮೇಲೆ ನಡೆಯುತ್ತಿತ್ತು. ಪರೀಕ್ಷೆ ಹತ್ತಿರ ಬಂದಾಗ 'ಅಪೇಕ್ಷಿತ ಪ್ರಶ್ನೆ'ಗಳ ಕಟ್ಟು ಕೈಯಿಂದ ಕೈಗೆ ಹೋಗುತ್ತಿತ್ತು. ಹಲವರು ನಡುವೆಯೇ ಬಿಟ್ಟರು. ಅವರ ಹೆಸರು ಯಾವ ಸಂಚಿಕೆಯಲ್ಲೂ ಬರುವುದಿಲ್ಲ. ಏಣಿಯ ಕಥೆ ಹೇಳುವಾಗ ಅರ್ಧದಲ್ಲಿ ಇಳಿದವರನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲವಷ್ಟೆ.

ಹೀಗಿದ್ದೂ ಕೆಲವು ಪಾಠಗಳು ಗೈಡಿನ ಹೊರಗೆ ಹೋದವು. ನಮಗೆ ಚರಿತ್ರೆ ಹೇಳುತ್ತಿದ್ದವರು ಹಗಲು ಅಂಚೆ ಕಚೇರಿಯಲ್ಲಿ ಗುಮಾಸ್ತರು. ಫ್ರೆಂಚ್ ಕ್ರಾಂತಿಯ ಪಾಠದ ದಿನ ಅವರು ಹಲಗೆಯ ಒಂದು ಬದಿಯಲ್ಲಿ ಕೂಲಿ, ಇನ್ನೊಂದು ಬದಿಯಲ್ಲಿ ರೊಟ್ಟಿಯ ಬೆಲೆ ಎಂದು ಬರೆದು, ಎರಡರ ನಡುವಿನ ಅಂತರ ಹೆಚ್ಚಾದರೆ ಏನಾಗುತ್ತದೆ ಎಂದು ಕೇಳಿದರು. ಹಿಂದಿನ ಬೆಂಚಿನ ಹುಡುಗನೊಬ್ಬ, ಅವನು ಇರಾನಿ ಹೋಟೆಲಿನ ಪಕ್ಕದ ನಮ್ಮವರ ಹೋಟೆಲಿನಲ್ಲಿ ಟೇಬಲ್ ಒರೆಸುವವ, ಪಾವಿನ ಬೆಲೆ ಹೇಳಿ ತನ್ನ ಸಂಬಳವನ್ನೂ ಹೇಳಿದ. ಕ್ಲಾಸಿಡೀ ನಕ್ಕಿತು. ಮಾಸ್ತರರು ನಗಲಿಲ್ಲ. ಮುಂದಿನ ವಾರದ ಪೌರನೀತಿಯ ಪಾಠದಲ್ಲಿ 1948ರ ಅಂಗಡಿ ಮತ್ತು ಸಂಸ್ಥೆಗಳ ಕಾಯ್ದೆಯ ವಿಷಯ ತೆಗೆದು, ಹೋಟೆಲಿನವರಿಗೂ ವಾರಕ್ಕೊಂದು ರಜೆ ಇದೆ ಎಂದರು. (ಆ ಕಾಯ್ದೆಯ ಜಾಗಕ್ಕೆ 2017ರಲ್ಲಿ ಹೊಸದು ಬಂದಿದೆ.) ಹುಡುಗ ಮಾರನೆಯ ದಿನವೇ ಧಣಿಯ ಮುಂದೆ ನಿಂತು ರಜೆ ಕೇಳಿದನಂತೆ. ಧಣಿ ಕೆಟ್ಟವರಲ್ಲ, ಶಾಲೆಯ ಹುಡುಗರನ್ನು ಆರು ಗಂಟೆಗೆ ಬಿಡುತ್ತಿದ್ದವರೇ. ಅವರು ತಲೆ ಮೇಲೆ ಕೈಹೊತ್ತು, "ನಿನ್ನನ್ನು ಶಾಲೆಗೆ ಕಳಿಸಿದ್ದು ಇದಕ್ಕಾ ಮಾರಾಯಾ?" ಅಂದರಂತೆ.

ಈ ಪ್ರಶ್ನೆ ನನಗೆ ಇವತ್ತಿಗೂ ಮುಖ್ಯವೆನಿಸುತ್ತದೆ. ಶಾಲೆಗೆ ಕಳಿಸಿದ್ದು ಯಾತಕ್ಕೆ? ಧಣಿಯ ಮನಸ್ಸಿನಲ್ಲಿದ್ದದ್ದು ಲೆಕ್ಕ ಬರೆಯಲು ಬರಬೇಕು, ನಾಲ್ಕು ಇಂಗ್ಲಿಷ್ ಮಾತು ಬರಬೇಕು ಎಂಬುದು. ಹುಡುಗನ ತಂದೆಯ ಮನಸ್ಸಿನಲ್ಲೂ ಅದೇ. ಅದರಲ್ಲಿ ತಪ್ಪೇನಿಲ್ಲ. ಆದರೆ ಚರಿತ್ರೆ, ಪೌರನೀತಿ, ಪದ್ಯ, ಭೂಗೋಳ ಇವೆಲ್ಲ ಕಲಿಸತೊಡಗಿದ ಮೇಲೆ ಹುಡುಗ ಯಾವ ಪ್ರಶ್ನೆ ಕೇಳಿಯಾನು ಎಂಬುದು ಯಾರ ಹಿಡಿತದಲ್ಲೂ ಇರುವುದಿಲ್ಲ. ಕಸುಬಿನ ಶಿಕ್ಷಣಕ್ಕೂ ಸಾಮಾನ್ಯ ಶಿಕ್ಷಣಕ್ಕೂ ಇರುವ ವ್ಯತ್ಯಾಸ ಇಷ್ಟೇ ಎಂದು ನನಗೆ ಕಾಣುತ್ತದೆ. ಮೊದಲನೆಯದರ ಫಲ ಮೊದಲೇ ಗೊತ್ತು. ಎರಡನೆಯದರ ಫಲ ಕಲಿತವನ ಕೈಯಲ್ಲಿದೆ.

ಇದನ್ನು ಚೆನ್ನಾಗಿ ಅರಿತಿದ್ದವರು ಡಾ. ಬಾಬಾಸಾಹೇಬ ಅಂಬೇಡ್ಕರ್. 1945ರಲ್ಲಿ ಪೀಪಲ್ಸ್ ಎಜುಕೇಶನ್ ಸೊಸೈಟಿ ಸ್ಥಾಪಿಸಿ, 1946ರ ಜೂನ್‌ನಲ್ಲಿ ಸಿದ್ಧಾರ್ಥ ಕಾಲೇಜು ತೆರೆದರು. ಮೊದಮೊದಲು ಅದು ಮರೀನ್ ಲೈನ್ಸ್ ಬಳಿಯ ಯುದ್ಧಕಾಲದ ಬರಾಕುಗಳಲ್ಲಿ ನಡೆಯಿತು, ಆಮೇಲೆ ಫೋರ್ಟಿಗೆ ಬಂತು. ದುಡಿಯುವವರು ಪಾಠ ಮುಗಿಸಿ ಕೆಲಸಕ್ಕೆ ಹೋಗಲಿ ಎಂದು ತರಗತಿಗಳನ್ನು ಬೆಳಗಿನ ಹೊತ್ತು ಇಟ್ಟರು. ಬಡವರಿಗೆ ಬೇಗ ಅನ್ನ ಸಿಗಲಿ ಎಂಬುದೊಂದೇ ಗುರಿಯಾಗಿದ್ದರೆ ಬಡಗಿ ಕೆಲಸದ, ಫಿಟ್ಟರ್ ಕೆಲಸದ ಶಾಲೆ ಸಾಕಿತ್ತು. ಅವರು ಮೊದಲು ತೆರೆದದ್ದು ಕಲೆ ಮತ್ತು ವಿಜ್ಞಾನದ ಕಾಲೇಜು. ಅವರ ಸ್ವಂತ ಸಂಗ್ರಹದ ಪುಸ್ತಕಗಳು ಆ ಕಾಲೇಜಿನ ಗ್ರಂಥಾಲಯಕ್ಕೆ ಸೇರಿದವು. ಗುಮಾಸ್ತನೂ ಗಿರಣಿ ಕೆಲಸಗಾರನ ಮಗನೂ ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಾಹಿತ್ಯ ಓದಲಿ ಎಂಬುದು ಆ ಕಾಲಕ್ಕೆ ಸಣ್ಣ ನಿರ್ಧಾರವೇನಲ್ಲ. ನಮ್ಮ ರಾತ್ರಿ ಶಾಲೆಗಳಿಂದ ಹೊರಬಿದ್ದವರಿಗೆ ಮುಂದಿನ ದಾರಿ ಇಂಥ ಬೆಳಗಿನ ಕಾಲೇಜುಗಳೇ.

ಅದೂ ಆಗದವರಿಗೆ ಇನ್ನೊಂದು ಬಾಗಿಲಿತ್ತು. ಮುಂಬಯಿ ವಿಶ್ವವಿದ್ಯಾನಿಲಯ 1971ರಲ್ಲಿ ಅಂಚೆ ಶಿಕ್ಷಣ ಶುರುಮಾಡಿತ್ತು. ನಾನು ಬಿ.ಎ. ಮಾಡಿದ್ದು ಹಾಗೆಯೇ. ಕಂದು ಲಕೋಟೆಯಲ್ಲಿ ಪಾಠದ ಕಟ್ಟು ಬರುತ್ತಿತ್ತು. ಏಳು ಜನ ಮಲಗುವ ಕೋಣೆಯಲ್ಲಿ ಅದನ್ನು ಬಿಚ್ಚಿದರೆ ಎಲ್ಲರಿಗೂ ಕುತೂಹಲ. "ಚರಿತ್ರೆ ಓದಿ ಎಂತ ಮಾಡ್ಲಿಕ್ಕುಂಟು? ಟೈಪಿಂಗ್ ಕಲಿ, ಶಾರ್ಟ್‌ಹ್ಯಾಂಡ್ ಕಲಿ, ಕೆಲಸ ಸಿಗ್ತದೆ" ಎಂಬುದು ಸರ್ವಾನುಮತದ ತೀರ್ಮಾನ. ನಾನು ಎರಡನ್ನೂ ಮಾಡಿದೆ. ಅವರು ಹೇಳಿದ್ದು ಸುಳ್ಳಾಗಲಿಲ್ಲ. ಬ್ಯಾಲಾರ್ಡ್ ಎಸ್ಟೇಟಿನ ಹಡಗು ಕಂಪೆನಿಯಲ್ಲಿ ಕೆಲಸ ಕೊಡಿಸಿದ್ದು ಟೈಪಿಂಗೇ. ಡಿಗ್ರಿ ಸರ್ಟಿಫಿಕೇಟನ್ನು ಯಾರೂ ಬಿಡಿಸಿ ನೋಡಲಿಲ್ಲ. ಆದರೆ ಹದಿನೈದು ವರ್ಷಗಳೊಳಗೆ ಮೇಜಿನ ಮೇಲೆ ಕಂಪ್ಯೂಟರ್ ಬಂತು, ಶಾರ್ಟ್‌ಹ್ಯಾಂಡ್ ಪುಸ್ತಕ ರದ್ದಿಗೆ ಹೋಯಿತು. ಗೋದ್ರೆಜ್ ಕಂಪೆನಿಯವರು 2009ರಲ್ಲಿ ಟೈಪ್‌ರೈಟರ್ ತಯಾರಿಸುವುದನ್ನೇ ನಿಲ್ಲಿಸಿದರು. ಚರಿತ್ರೆಯ ಆ ಲಕೋಟೆಗಳಿಂದ ಕಲಿತದ್ದು ಮಾತ್ರ ಇನ್ನೂ ನನ್ನ ಜೊತೆ ಇದೆ: ಪತ್ರಿಕೆಯ ಸುದ್ದಿಯನ್ನು ಪೂರ್ತಿ ನಂಬದಿರುವುದು, ಒಂದು ಘಟನೆಗೆ ಎರಡು ಮೂರು ಕಾರಣ ಹುಡುಕುವುದು, ಎದುರು ಪಕ್ಷದವನ ಮಾತನ್ನು ಅವನ ಕಡೆಯಿಂದಲೂ ಕೇಳಿಸಿಕೊಳ್ಳುವುದು.

ಹೆಂಗಸರ ವಿಷಯ ಹೇಳದೆ ಮುಂದೆ ಹೋದರೆ ಈ ಲೇಖನವೂ ಸ್ಮರಣ ಸಂಚಿಕೆಯ ಹಾಗೆಯೇ ಆದೀತು. ನನ್ನ ತರಗತಿ ಹುಡುಗರದ್ದೇ. ಹೋಟೆಲಿಗೆ ಹುಡುಗಿಯರು ಬರುತ್ತಿರಲಿಲ್ಲ, ಅವರು ಊರಿನಲ್ಲಿ ಬೀಡಿ ಕಟ್ಟುತ್ತಿದ್ದರು. ಮದುವೆಯಾಗಿ ಡೊಂಬಿವಲಿಯ, ಭಾಂಡುಪಿನ ಒಂದು ಕೋಣೆಗೆ ಬಂದವರಿಗೆ ಅಂಚೆ ಶಿಕ್ಷಣವೇ ರಾತ್ರಿ ಶಾಲೆಯಾಯಿತು. ಮಹರ್ಷಿ ಕರ್ವೆಯವರು 1916ರಲ್ಲಿ ಕಟ್ಟಿದ ಮಹಿಳಾ ವಿಶ್ವವಿದ್ಯಾನಿಲಯವೂ ಈ ನಗರದಲ್ಲಿ ಹಲವರ ಕೈಹಿಡಿಯಿತು. ಮುಂಬಯಿ ವಿಶ್ವವಿದ್ಯಾನಿಲಯದಲ್ಲಿ 1978ರಲ್ಲಿ ಕನ್ನಡ ವಿಭಾಗ ಶುರುವಾದ ಮೇಲೆ ಕಲೀನಾದ ತರಗತಿಗಳಲ್ಲಿ ಇಪ್ಪತ್ತರ ಹುಡುಗಿಯ ಪಕ್ಕ ಐವತ್ತರ ಗೃಹಿಣಿ ಕೂತು ಪಂಪನನ್ನು ಓದಿದ್ದುಂಟು. ನನ್ನ ಹೆಂಡತಿ ಮಕ್ಕಳಿಬ್ಬರು ಶಾಲೆಗೆ ಸೇರಿದ ಮೇಲೆ ಬಿ.ಎ.ಗೆ ಕಟ್ಟಿದಳು. ಓದಿ ಎಂತ ಸಿಕ್ಕಿತು ಎಂದು ನೆಂಟರೊಬ್ಬರು ಕೇಳಿದ್ದಕ್ಕೆ, "ಮಧ್ಯಾಹ್ನ ಎರಡರಿಂದ ನಾಲ್ಕು ನಂದಾಯ್ತು, ಮಾವ" ಅಂದಳು. ಇದಕ್ಕಿಂತ ಸರಿಯಾದ ಉತ್ತರ ನನಗೂ ಗೊತ್ತಿಲ್ಲ.

ಇನ್ನು ನಮ್ಮ ಸಾಹಿತ್ಯದ ಕಡೆ ನೋಡೋಣ. ಮುಂಬಯಿಯ ಬದುಕನ್ನು ಕನ್ನಡಕ್ಕೆ ತಂದ ದೊಡ್ಡ ಲೇಖಕರಲ್ಲಿ ಉತ್ತರ ಕನ್ನಡದವರು ಹೆಚ್ಚು. ಇದಕ್ಕೊಂದು ಚಾರಿತ್ರಿಕ ಕಾರಣವಿದೆ. 1956ರ ವರೆಗೆ ಉತ್ತರ ಕನ್ನಡ ಮುಂಬಯಿ ಪ್ರಾಂತದ ಭಾಗ. ಅಲ್ಲಿಯವರಿಗೆ ಬಹುಕಾಲ ಮುಂಬಯಿಯೇ ವಿಶ್ವವಿದ್ಯಾನಿಲಯ. ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯ ಕೂಡ 1949ರಲ್ಲಿ ಹುಟ್ಟಿದ್ದು ಮುಂಬಯಿಯಲ್ಲಿ, ಆಮೇಲೆ ಧಾರವಾಡಕ್ಕೆ ಹೋದದ್ದು. ಮದರಾಸು ಪ್ರಾಂತದಲ್ಲಿದ್ದ ದಕ್ಷಿಣ ಕನ್ನಡದಿಂದ ಬಂದ ನಮಗೆ ಮುಂಬಯಿ ಎಂದರೆ ಹೋಟೆಲು. ಅವರಲ್ಲಿ ಬಹಳ ಮಂದಿ ಓದಲು ಅಥವಾ ಓದಿ ಬಂದರು. ನಾವು ಬಂದ ಮೇಲೆ ಓದಿದೆವು. ಹೀಗಾಗಿ ಯಶವಂತ ಚಿತ್ತಾಲರ 'ಶಿಕಾರಿ'ಯ (1979) ನಾಗಪ್ಪ ದೊಡ್ಡ ಕಂಪೆನಿಯ ಅಧಿಕಾರಿ. ಉಡುಪಿ ಕಡೆಯಿಂದ ಬಂದ ವ್ಯಾಸರಾಯ ಬಲ್ಲಾಳರು 'ಬಂಡಾಯ'ದಲ್ಲಿ ಕಾರ್ಮಿಕರ ಹೋರಾಟಕ್ಕೆ ಕೈಹಾಕಿದರು. ಅದಕ್ಕೆ 1986ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಜಯಂತ ಕಾಯ್ಕಿಣಿಯವರ ಕಥೆಗಳಲ್ಲಿ ಚಾಳು, ಲೋಕಲ್ ಟ್ರೇನು, ಸಿನೆಮಾ ಥಿಯೇಟರಿನ ಕೆಲಸಗಾರರು, ಮನೆಬಿಟ್ಟ ಹುಡುಗರು ಎಲ್ಲ ಬರುತ್ತಾರೆ. ಆ ಕಥೆಗಳ ಇಂಗ್ಲಿಷ್ ಅನುವಾದ 'ನೋ ಪ್ರೆಸೆಂಟ್ಸ್ ಪ್ಲೀಸ್' 2018ರ ಸಾಲಿನ ಡಿಎಸ್‌ಸಿ ಬಹುಮಾನ ಪಡೆದಾಗ ನಮ್ಮ ಗಲ್ಲಿಗಳಿಗೇ ಬಹುಮಾನ ಬಂದಷ್ಟು ಹೆಮ್ಮೆಯಾಯಿತು.

ಈ ಲೇಖಕರಿಂದ ನಾನು ಬೇರೊಂದು ಸಾಕ್ಷಿಯನ್ನೂ ಪಡೆಯುತ್ತೇನೆ. ಚಿತ್ತಾಲರು ಪಾಲಿಮರ್ ತಂತ್ರಜ್ಞರು, ಆ ಕ್ಷೇತ್ರದಲ್ಲಿ ಹೆಸರು ಮಾಡಿದವರು. ಕಾಯ್ಕಿಣಿಯವರು ಜೀವರಸಾಯನ ಓದಿ ಔಷಧ ಕಂಪೆನಿಯಲ್ಲಿದ್ದವರು. ಇಬ್ಬರಿಗೂ ಕೈಯಲ್ಲೊಂದು ಗಟ್ಟಿ ಕಸುಬಿತ್ತು. ಆದರೆ 'ಶಿಕಾರಿ' ಓದಿದವರು ನೆನಪಿಟ್ಟುಕೊಳ್ಳುವುದು ನಾಗಪ್ಪನ ರಸಾಯನಶಾಸ್ತ್ರವನ್ನಲ್ಲ. ಹುದ್ದೆ ಅಲ್ಲಾಡುತ್ತಿರುವಾಗ, ಸುತ್ತಲಿನವರು ಬಲೆ ಬೀಸುತ್ತಿರುವಾಗ, ಅವನು ತನ್ನನ್ನೇ ತಾನು ಬಗೆದು ನೋಡಿಕೊಳ್ಳುತ್ತಾನಲ್ಲ, ಅದನ್ನು. ಕಸುಬು ಅವನನ್ನು ಆ ಕುರ್ಚಿಗೆ ತಂದಿತು. ಕುರ್ಚಿ ಹೋಗುವ ಹೊತ್ತಿಗೆ ಬೇಕಾದದ್ದು ಮಾತು, ನೆನಪು, ವಿಚಾರ. ಎಂಜಿನಿಯರನಿಗೆ ಇವು ಬೇಕು ಎಂದು ನಾವು ಒಪ್ಪುತ್ತೇವೆ. ಟೇಬಲ್ ಒರೆಸುವವನಿಗೂ ಬೇಕಾದೀತು ಎನ್ನುವಾಗ ಮಾತ್ರ ನಮಗೆ ಅನುಮಾನ ಬರುತ್ತದೆ. ಸ್ಮರಣ ಸಂಚಿಕೆಯ ಆ ಮೂರು ಪದಗಳ ಹಿಂದೆ ಇರುವುದು ಈ ಅನುಮಾನವೇ.

ಇಂಥದೇ ಅನುಮಾನ ಈಗ ದೇಶದ ನೀತಿಯಲ್ಲೂ ಕಾಣುತ್ತಿದೆ. ಅಮೆರಿಕದಲ್ಲಿ ಕಮ್ಯುನಿಟಿ ಕಾಲೇಜು ಎಂಬ ವ್ಯವಸ್ಥೆ ಇದೆ. 1901ರಲ್ಲಿ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ ಶುರುವಾದ ಎರಡು ವರ್ಷದ ಕಾಲೇಜು ಅದರ ಮೂಲ. 1947ರಲ್ಲಿ ಅಧ್ಯಕ್ಷ ಟ್ರೂಮನ್ನರ ಆಯೋಗ ಅದನ್ನು ದೇಶದುದ್ದಕ್ಕೂ ಹರಡಬೇಕೆಂದಿತು. ಅಲ್ಲಿ ಕಸುಬೂ ಕಲಿಯಬಹುದು. ಕಡಿಮೆ ಖರ್ಚಿನಲ್ಲಿ ಎರಡು ವರ್ಷ ಭಾಷೆ, ಚರಿತ್ರೆ, ಗಣಿತ, ಸಮಾಜಶಾಸ್ತ್ರ ಓದಿ ಮುಂದೆ ವಿಶ್ವವಿದ್ಯಾನಿಲಯಕ್ಕೂ ಹೋಗಬಹುದು. ದುಡಿಯುವವರು, ಮಕ್ಕಳೊಂದಿಗರು, ವಯಸ್ಸು ಮೀರಿದವರು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ನಮ್ಮಲ್ಲಿ ವಿಶ್ವವಿದ್ಯಾನಿಲಯ ಅನುದಾನ ಆಯೋಗ 2013ರ ಸುಮಾರಿಗೆ ಇದೇ ಹೆಸರಿನ ಯೋಜನೆ ತಂದಿತು. ಹೆಸರು ಬಂತು, ಜೊತೆಗೆ ಕಸುಬಿನ ಅರ್ಧ ಮಾತ್ರ ಬಂತು. ಕೌಶಲ್ಯ ಕೊಟ್ಟರೆ ಬಡವನಿಗೆ ಸಾಕು ಎಂಬ ಭಾವನೆ. ಇತ್ತ ಇದೇ ಮುಂಬಯಿಯ ಉಪನಗರಗಳಲ್ಲಿ ಖಾಸಗಿ ಸಂಸ್ಥೆಗಳು 'ಲಿಬರಲ್ ಆರ್ಟ್ಸ್' ಎಂಬ ಫಲಕ ಹಾಕಿ, ವರ್ಷಕ್ಕೆ ಲಕ್ಷಗಟ್ಟಲೆ ಶುಲ್ಕ ಪಡೆದು, ತತ್ವಶಾಸ್ತ್ರ, ಚರಿತ್ರೆ, ಸಾಹಿತ್ಯಗಳನ್ನು ಒಟ್ಟಿಗೆ ಕಲಿಸುತ್ತಿವೆ. ಬಡವರ ಮಕ್ಕಳು ಓದಿದರೆ ಕೆಲಸಕ್ಕೆ ಬಾರದ ಬಿ.ಎ., ಉಳ್ಳವರ ಮಕ್ಕಳು ಓದಿದರೆ ವ್ಯಕ್ತಿತ್ವ ವಿಕಸನ! ವಿಷಯ ಅದೇ, ಬೆಲೆ ಮಾತ್ರ ಬೇರೆ.

ಹೊಟ್ಟೆ ತುಂಬಿದವರು ಹೇಳುವ ಮಾತು ಇದು ಎಂದು ಯಾರಾದರೂ ಅಂದರೆ ಅದನ್ನು ತಳ್ಳಿಹಾಕುವ ಹಾಗಿಲ್ಲ. ಹನ್ನೆರಡು ತಾಸು ನಿಂತು ದುಡಿಯುವ ಹುಡುಗನಿಗೆ ಮೊದಲು ಬೇಕಾದದ್ದು ನಾಲ್ಕು ಕಾಸು ಹೆಚ್ಚು ಸಂಬಳ. ಅದು ನಿಜ. ಹಾಗೆಂದು ಸಂಬಳ ಹೆಚ್ಚಾದ ಮೇಲೆ ಓದು ತಾನಾಗಿ ಬರುತ್ತದೆ ಎಂಬುದು ನಿಜವಲ್ಲ. ಗಲ್ಲಾದ ಮೇಲೆ ಕೂತವರೆಲ್ಲ ಪುಸ್ತಕ ಹಿಡಿದಿದ್ದರೆ ನಮ್ಮ ಕನ್ನಡ ಪುಸ್ತಕಗಳು ಇನ್ನಷ್ಟು ಮುದ್ರಣ ಕಾಣಬೇಕಿತ್ತು. ಹಳೆಯ ರಾತ್ರಿ ಶಾಲೆಗಳ ಹೆಚ್ಚುಗಾರಿಕೆಯೇ ಇದು: ಬಡತನ ಕಳೆಯುವ ವರೆಗೆ ಕಾಯಿರಿ ಎನ್ನದೆ, ಬೇಳೆಸಾರಿನ ವಾಸನೆ ಇನ್ನೂ ಅಂಗಿಯಲ್ಲಿರುವಾಗಲೇ ಅವು ನಮ್ಮನ್ನು ಕೂರಿಸಿ ಪಾಠ ಹೇಳಿದವು. ಹಗಲಿಡೀ 'ಏ ಬಾರ್ಕ್ಯಾ' ಎಂದು ಕರೆಸಿಕೊಂಡವನನ್ನು ಹಾಜರಿ ಪುಸ್ತಕದಲ್ಲಿ ಅವನ ಪೂರ್ತಿ ಹೆಸರಿನಿಂದ ಕರೆದವು.

ಈಗ ಆ ಶಾಲೆಗಳು ಹಲವು ಮುಚ್ಚಿವೆ. ಮುಚ್ಚಿದ್ದಕ್ಕೆ ಅಳುವ ಕಾರಣಗಳೂ ಇವೆ, ಸಂತೋಷಪಡುವ ಕಾರಣಗಳೂ ಇವೆ. ಊರಿನಲ್ಲೇ ಶಾಲೆ, ಕಾಲೇಜು ಆದವು. ಕರಾವಳಿಯ ಹುಡುಗ ಹದಿಮೂರಕ್ಕೆ ಮನೆಬಿಡಬೇಕಾದ ಕಾಲ ಹೋಯಿತು, ಅದು ಒಳ್ಳೆಯದೇ. 2006ರ ಅಕ್ಟೋಬರದಿಂದ ಹೋಟೆಲು, ಧಾಬಾಗಳಲ್ಲಿ ಹದಿನಾಲ್ಕರ ಒಳಗಿನವರನ್ನು ದುಡಿಸುವುದು ನಿಷಿದ್ಧವಾಯಿತು, ಅದೂ ಒಳ್ಳೆಯದೇ. ಫೋರ್ಟಿನ ಎಷ್ಟೋ ಆಫೀಸುಗಳು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿಗೆ, ಇನ್ನೂ ಆಚೆಗೆ ಹೋದವು, ಕ್ಯಾಂಟೀನುಗಳು ಕಡಿಮೆಯಾದವು. ಇಲ್ಲೇ ಹುಟ್ಟಿದ ನಮ್ಮ ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ ಹೋದರು. ಹಗಲು ಶಾಲೆಯ ಶಿಕ್ಷಕರು ರಾತ್ರಿ ಶಾಲೆಯಲ್ಲೂ ಕಲಿಸುವುದಕ್ಕೆ 2017ರ ಮೇ ತಿಂಗಳ ಸರಕಾರಿ ಆದೇಶ ಅಡ್ಡ ಬಂದಾಗ, ಉಳಿದಿದ್ದ ರಾತ್ರಿ ಶಾಲೆಗಳಿಗೂ ಪೆಟ್ಟು ಬಿತ್ತು. ಆಗ ನಮ್ಮ ಸಭೆಗಳಲ್ಲಿ ಹೆಚ್ಚು ಗದ್ದಲ ಕೇಳಲಿಲ್ಲ. ಏಣಿ ಹತ್ತಿಯಾಗಿದೆ, ಇನ್ನು ಏಣಿ ಯಾಕೆ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಆದರೆ ಹೋಟೆಲುಗಳು ಮುಚ್ಚಿಲ್ಲವಲ್ಲ! ಮಾಟುಂಗಾದಿಂದ ಮೀರಾ ರೋಡಿನ ವರೆಗೆ, ಠಾಣೆಯಿಂದ ನವಿಮುಂಬಯಿಯ ವರೆಗೆ ಗಲ್ಲಾದ ಮೇಲೆ ನಮ್ಮವರು ಇದ್ದಾರೆ. ಒಳಗೆ ಮೋರಿಯ ಹತ್ತಿರ ಕಪ್ಪು ಬಸಿ ತೊಳೆಯುವವರು ಬದಲಾಗಿದ್ದಾರೆ. ಈಗ ಅವರು ಒಡಿಶಾದವರು, ಝಾರ್ಖಂಡದವರು, ಉತ್ತರ ಪ್ರದೇಶದವರು, ನೇಪಾಳದವರು. ಹದಿನೆಂಟು, ಇಪ್ಪತ್ತರ ಹುಡುಗರು. ಎಂಟನೆಯ ಕ್ಲಾಸಿಗೆ ಬಿಟ್ಟವರು, ಹತ್ತರಲ್ಲಿ ಫೇಲಾದವರು. ರಾತ್ರಿ ಹನ್ನೊಂದರ ಮೇಲೆ ಮೊಬೈಲು ನೋಡುತ್ತ ಮಲಗುತ್ತಾರೆ. ನಾವು ಬಂದಾಗ ನಮಗೊಂದು ಜಾತಿ ಸಂಘವಾದರೂ ಇತ್ತು, ಅದು ನಡೆಸಿದ ಶಾಲೆಯಿತ್ತು, ನಮ್ಮ ಭಾಷೆಯ ಮಾಸ್ತರರಿದ್ದರು. ಇವರಿಗೆ ಯಾರಿದ್ದಾರೆ?

ಈ ಪ್ರಶ್ನೆಯನ್ನು ಒಂದು ಸಂಘದ ಸಭೆಯಲ್ಲಿ ಎತ್ತಿದಾಗ, "ಅವರು ನಮ್ಮವರಲ್ಲವಲ್ಲ" ಎಂಬ ಉತ್ತರ ಬಂತು. 1966ರ ನಂತರ ನಮ್ಮ ಹೋಟೆಲುಗಳ ಮುಂದೆ ನಿಂತವರು ಹೇಳಿದ್ದೂ ಇದನ್ನೇ ಅಲ್ಲವೇ? ಆ ಕಾಲವನ್ನು ದಾಟಿ, ಈ ನಗರದ ಚರಿತ್ರೆಯನ್ನು ನಮ್ಮ ಭಾಷೆಯಲ್ಲಿ ಓದಿ, ಇಲ್ಲಿಯವರಾದ ನಾವು ಇಷ್ಟಾದರೂ ಕಲಿತಿರಬೇಕಿತ್ತು. ರಾತ್ರಿ ಶಾಲೆಯಲ್ಲಿ ನಾವು ನಿಜವಾಗಿ ಏನು ಕಲಿತೆವು ಎಂಬುದಕ್ಕೆ ಈಗ ಪರೀಕ್ಷೆ ನಡೆಯುತ್ತಿದೆ. ಎಸ್ಸೆಸ್ಸಿಯ ಹಾಗೆ ಇದಕ್ಕೆ ಗೈಡು ಸಿಗುವುದಿಲ್ಲ.

ಒಳನಾಡಿನ ಓದುಗರಿಗೂ ಇದು ದೂರದ ವಿಷಯವೇನಲ್ಲ. ಬೆಂಗಳೂರಿನ ದರ್ಶಿನಿಗಳಲ್ಲಿ, ಮಂಗಳೂರಿನ ಮೀನಿನ ಧಕ್ಕೆಯಲ್ಲಿ, ಕೊಡಗಿನ ತೋಟಗಳಲ್ಲಿ ಪರವೂರಿನ ಹುಡುಗರು ದುಡಿಯುತ್ತಿದ್ದಾರೆ. ಅವರಿಗೆ ನಾಲ್ಕು ಕನ್ನಡ ಶಬ್ದ ಕಲಿಸಬೇಕು ಎಂಬ ಮಾತು ಆಗಾಗ ಕೇಳಿಬರುತ್ತದೆ, ಕಲಿಸಬೇಕಾದದ್ದೇ. ಆದರೆ ಆರ್ಡರು ತೆಗೆದುಕೊಳ್ಳಲು ಬೇಕಾಗುವಷ್ಟು ಕನ್ನಡ ಮಾತ್ರ ಸಾಲದು. ನಮಗೆ ಮುಂಬಯಿಯಲ್ಲಿ ಸಿಕ್ಕಿದ್ದು ಅದಕ್ಕಿಂತ ಹೆಚ್ಚಿನದು. ಇತ್ತ ಊರಿನ ಸರಕಾರಿ ಕಾಲೇಜಿನ ಬಿ.ಎ. ತರಗತಿಯ ಕಡೆ ನೋಡಿ ಮೂಗು ಮುರಿಯುವವರಿಗೂ ಒಂದು ಮಾತು: ಆ ಬೆಂಚಿನಲ್ಲಿ ಮನೆಯ ಮೊದಲ ಓದುಗಳೊಬ್ಬಳು ಕೂತಿರಬಹುದು. ಇದರಿಂದ ಏನು ಉಪಯೋಗ ಎಂದು ಅವಳನ್ನು ಕೇಳುವ ಮುಂಚೆ, ಆ ಪ್ರಶ್ನೆಯನ್ನು ನಾವು ಯಾರ ಮಕ್ಕಳಿಗೆ ಮಾತ್ರ ಕೇಳುತ್ತೇವೆ ಎಂದು ಯೋಚಿಸುವುದು ಒಳ್ಳೆಯದು.

ಮುಂದಿನ ಸಂಚಿಕೆಗಳ ಸಂಪಾದಕರಲ್ಲಿ ನನ್ನದೊಂದು ಸಣ್ಣ ಕೋರಿಕೆ. ಹಿರಿಯರನ್ನು ಮಾತನಾಡಿಸುವಾಗ ಎಷ್ಟನೆಯ ಹೋಟೆಲು ಎಂದು ಕೇಳಿದ ಹಾಗೆಯೇ, ರಾತ್ರಿ ಶಾಲೆಯಲ್ಲಿ ಯಾವ ಪಾಠ ನೆನಪಿದೆ ಎಂದೂ ಕೇಳಿ. ಅವರು ಸ್ವಲ್ಪ ಹೊತ್ತು ಸುಮ್ಮನಾಗಬಹುದು. ಆಮೇಲೆ ಮಾಸ್ತರರ ಹೆಸರು ಹೇಳುತ್ತಾರೆ, ಒಂದು ನಕಾಶೆಯನ್ನೋ ಪದ್ಯವನ್ನೋ ನೆನಪಿಸಿಕೊಳ್ಳುತ್ತಾರೆ. ಅದನ್ನು ಪೂರ್ತಿ ಬರೆದುಕೊಳ್ಳಿ. ಮತ್ತೆ, ಅವರ ಹೋಟೆಲಿನ ಒಳಗೆ ದುಡಿಯುವ ಹುಡುಗರಿಗೆ ಸಂಜೆ ಎರಡು ತಾಸು ಬಿಡುವು ಕೊಡಲು ಸಾಧ್ಯವೇ ಎಂದೂ ಅದೇ ಉಸಿರಿನಲ್ಲಿ ಕೇಳಿಬಿಡಿ. ಮೂರು ಪದಗಳಲ್ಲಿ ಮುಗಿಸಿದ ಸಾಲವನ್ನು ತೀರಿಸಲು ಶುರುಮಾಡುವುದಾದರೆ ಅಲ್ಲಿಂದಲೇ ಶುರುವಾಗಲಿ.